ನರಿ ಮುಖ ನೋಡಲು ಬಂದವರು

ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಖುಲಾಯಿಸುತ್ತದೆ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಸಿಕ್ಕರೆ ಅವರಿಗೆ ಎರಡು ಮಾತು ಹೇಳುವುದಿದೆ. ನಾನು ಬೆಳೆದ ಕಡೆ ಅದು ಬರೀ ಮಾತಾಗಿತ್ತು. ತುಂಬಿದ ಬಸ್ಸಿನಲ್ಲಿ ಸೀಟು ಸಿಕ್ಕರೆ, ಪರೀಕ್ಷೆಯ ದಿನ ಮೇಷ್ಟ್ರು ರಜ ಹಾಕಿದರೆ, ‘ಇವತ್ತು ಯಾವ ನರಿ ಮುಖ ನೋಡಿ ಎದ್ಯೆ’ ಎಂದು ನಗುತ್ತಿದ್ದೆವು. ನಿಜವಾದ ನರಿಯನ್ನು ಮೃಗಾಲಯದಲ್ಲಿ ಬಿಟ್ಟರೆ ಎಲ್ಲೂ ಕಂಡವಳಲ್ಲ. ಮಾತು ಮಾತಾಗಿ ಉಳಿದಷ್ಟು ದಿನ ಯಾರಿಗೂ ತೊಂದರೆಯಿಲ್ಲ. ಅದನ್ನು ನೈರೋಬಿಯವರೆಗೆ ಹೊತ್ತು ತಂದು, ನಿಜವಾದ ನರಿಗೆ ನಿಜವಾದ ಮಾಂಸ ಹಾಕಿ ಬರಮಾಡಿಕೊಂಡ ಜನರ ಪಕ್ಕದಲ್ಲಿ ನಾನೊಂದು ನಾಯಿ ಸಾಕಿದ್ದೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಮ್ಮವರು ಮೊಂಬಾಸಾ ರಸ್ತೆ ಕಡೆಯ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಮೊದಲು ಹೈರಿಡ್ಜ್‌ನ ಫ್ಲ್ಯಾಟೊಂದರಲ್ಲಿದ್ದೆವು. ದಿನಾ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆಯುತ್ತದೆ ಎಂದು ಕಂಪನಿಯೇ ಕಾರ್ಖಾನೆಯ ಹತ್ತಿರ ಒಂದು ಸಾಲು ಮನೆ ಹಿಡಿದು ಮ್ಯಾನೇಜರುಗಳಿಗೆ ಕೊಟ್ಟಿತು. ಸಾಲಿನಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಮುಂದೆ ಲಾರಿಗಳ ಸದ್ದು, ಹಿಂದೆ ಒಂದಿಷ್ಟು ಬಯಲು, ಬಯಲಿನಾಚೆ ನ್ಯಾಷನಲ್ ಪಾರ್ಕಿನ ಬೇಲಿ. ಅಡುಗೆಮನೆ ಕಿಟಕಿಯಲ್ಲಿ ನಿಂತು ಸೊಪ್ಪು ಬಿಡಿಸುತ್ತಾ ಜೀಬ್ರಾ ನೋಡಬಹುದಿತ್ತು. ನೋಡಿ ನೋಡಿ ಆಮೇಲೆ ಅದೂ ಎಮ್ಮೆ ನೋಡಿದಂತೆಯೇ ಆಯಿತು.

ಅಲ್ಲಿಗೆ ಬಂದ ಮೇಲೆ ಕಾರ್ಖಾನೆಯ ಕಾವಲುನಾಯಿ ಮರಿ ಹಾಕಿತು. ಮಗಳು ಹಟ ಹಿಡಿದು ಒಂದನ್ನು ತಂದಳು. ಕಂದು ಬಣ್ಣದ್ದು, ಹೆಣ್ಣು, ಒಂದು ಕಿವಿ ಯಾವಾಗಲೂ ಮಡಚಿಕೊಂಡೇ ಇರುತ್ತಿತ್ತು. ನನಗೆ ಮೊದಲು ಇಷ್ಟವಿರಲಿಲ್ಲ. ಆದರೆ ಮಗಳು ಶಾಲೆಗೆ, ಇವರು ಕಾರ್ಖಾನೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವಳು ನಾನು. ನನಗೆ ಇಲ್ಲಿ ಕೆಲಸ ಮಾಡುವ ಅನುಮತಿಯಿಲ್ಲ. ಗಂಡನ ಪರ್ಮಿಟ್ಟಿನ ಬಾಲಕ್ಕೆ ಕಟ್ಟಿದ ಡಿಪೆಂಡೆಂಟ್ ಪಾಸಿನ ಮೇಲೆ ಇರುವವಳು. ದಿನವಿಡೀ ನನ್ನ ಕಾಲ ಬಳಿ ಇದ್ದದ್ದು ಆ ನಾಯಿ. ಮಗಳಿಗೆ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ನಾಯಿಗೆ ಮಾತ್ರ ಅವಳು ‘ಬಾರೆ’, ‘ಕೂತ್ಕೊ’, ‘ಸುಮ್ನಿರೆ’ ಎನ್ನುತ್ತಿದ್ದಳು, ಅದೂ ಕೇಳುತ್ತಿತ್ತು. ಹೀಗೆ ನೋಡು ನೋಡುತ್ತಾ ಅದು ನನ್ನದೇ ಆಯಿತು.

ಸಾಲಿನ ಮೊದಲ ಮನೆ, ನಮ್ಮ ಪಕ್ಕದ್ದೇ, ಜನರಲ್ ಮ್ಯಾನೇಜರ್‌ ಅವರದು. ಅವರ ಹೆಂಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಮಡಿ, ಪೂಜೆ, ವ್ರತ ಯಾವುದನ್ನೂ ಬಿಡದವರು. ಮೊಟ್ಟೆ ಹಾಕಿದ ಕೇಕನ್ನು ಹೊಸ್ತಿಲು ದಾಟಿಸದ ಮನೆ. ಒಂದು ಬೆಳಿಗ್ಗೆ ಅಕ್ಕ ಪೂಜೆಗೆ ಹೂ ಕೊಯ್ಯಲು ಹಿತ್ತಿಲಿಗೆ ಹೋದಾಗ ಗೇಟಿನಾಚೆ ನರಿ ನಿಂತಿತ್ತಂತೆ, ಬೆನ್ನ ಮೇಲೆ ಕರಿಕಂಬಳಿ ಹೊದ್ದ ಹಾಗಿರುವ ಇಲ್ಲಿಯ ನರಿ. ಇಬ್ಬರೂ ಮುಖ ಮುಖ ನೋಡಿಕೊಂಡರಂತೆ. ಅದೇ ಮಧ್ಯಾಹ್ನ, ಎಷ್ಟೋ ತಿಂಗಳಿಂದ ಸಿಕ್ಕಿಬಿದ್ದಿದ್ದ ಜಿ.ಎಂ. ಅವರ ವರ್ಕ್ ಪರ್ಮಿಟ್ ಮಂಜೂರಾಯಿತು. ಇಲ್ಲಿ ನಮ್ಮಂಥವರ ಸಂಸಾರವೆಲ್ಲ ನಿಂತಿರುವುದೇ ಆ ಪರ್ಮಿಟ್ಟಿನ ಮೇಲೆ. ಅದು ಬಾರದಿದ್ದರೆ ಮಕ್ಕಳ ಶಾಲೆ, ಮನೆ ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು. ಹಾಗಾಗಿ ಸಾಲಿನಲ್ಲಿ ಯಾರೂ ನಗಲಿಲ್ಲ.

ಮರುದಿನದಿಂದ ಅಕ್ಕ ನರಿಗೆ ಊಟ ಇಡತೊಡಗಿದರು. ಮೊದಲು ಮೊಸರನ್ನ. ಅದನ್ನು ಕಾಗೆಗಳು ತಿಂದವು. ಆಮೇಲೆ ತುಪ್ಪ ಹಚ್ಚಿದ ಚಪಾತಿ. ಒಂದು ದಿನ ಬಂದರೆ ಎರಡು ದಿನ ನರಿ ಬರುತ್ತಿರಲಿಲ್ಲ. ಅಕ್ಕನ ಭಕ್ತಿಗೆ ಅದು ಸಾಲಲಿಲ್ಲ. ಕೊನೆಗೆ ಮಟುಂಬೊ ಶುರುವಾಯಿತು. ಮಟುಂಬೊ ಎಂದರೆ ಇಲ್ಲಿಯ ಕಸಾಯಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕರುಳು, ಜಠರ. ಗೇಟು ಕಾಯುವ ಅಸ್ಕಾರಿ ಅದನ್ನು ಮುಚ್ಚಳದ ಬಕೆಟ್ಟಿನಲ್ಲಿ ತಂದು, ಮನೆಯನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗಿ ಬಯಲಿಗೆ ಸುರಿಯುತ್ತಿದ್ದ. ಅಕ್ಕ ಮೂಗಿಗೆ ಸೆರಗು ಹಿಡಿದು ಕಿಟಕಿಯಿಂದ ‘ಇನ್ನೂ ಈಚೆಗೆ, ಇನ್ನೂ ಈಚೆಗೆ’ ಎಂದು ಕೈಸನ್ನೆ ಮಾಡುತ್ತಿದ್ದರು. ಅದಾದ ಮೇಲೆ ಸ್ನಾನ. ಬಕೆಟ್ ಮುಟ್ಟದಿದ್ದರೆ ಮಡಿ ಕೆಡುವುದಿಲ್ಲ ಎಂಬುದು ಅವರ ಶಾಸ್ತ್ರ. ನನ್ನ ನಾಯಿಗೆ ವಾರಕ್ಕೊಮ್ಮೆ ನಾನು ಮೂಳೆ ಬೇಯಿಸಿದರೆ ಸಾಲಿಗೆಲ್ಲ ವಾಸನೆ ಬರುತ್ತದೆ ಎಂದು ಹೇಳಿಕಳಿಸಿದ್ದವರೂ ಇವರೇ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಶನಿವಾರ ಭಾನುವಾರ ಬೆಳಿಗ್ಗೆ ನಗರದಲ್ಲಿ ನಮ್ಮ ಜನ ಹೆಚ್ಚಿರುವ ಪಾರ್ಕ್‌ಲ್ಯಾಂಡ್ಸ್‌ನಿಂದ, ಸೌತ್ ಬಿ ಕಡೆಯಿಂದ ಕಾರುಗಳು ಬರತೊಡಗಿದವು. ಎದ್ದ ತಕ್ಷಣ ನರಿ ಮುಖವೇ ಮೊದಲು ಕಾಣಬೇಕಲ್ಲ, ಅದಕ್ಕೆ ಹೆಂಗಸರು ಕಾರಿನಲ್ಲಿ ಕಣ್ಣು ಮುಚ್ಚಿಕೊಂಡೇ ಬರುತ್ತಿದ್ದರು. ಗಂಡಂದಿರು ಕೈ ಹಿಡಿದು ಹಿತ್ತಿಲಿಗೆ ನಡೆಸುತ್ತಿದ್ದರು. ಡ್ರೈವ್ ಮಾಡಿಕೊಂಡು ಬಂದ ಗಂಡನ ಅದೃಷ್ಟ ಏನಾಯಿತೋ, ಯಾರೂ ಕೇಳಲಿಲ್ಲ. ಪರೀಕ್ಷೆಗೆ ಕೂರುವ ಮಕ್ಕಳನ್ನು ಟವೆಲ್ಲಿನಲ್ಲಿ ಕಣ್ಣು ಕಟ್ಟಿ ತಂದರು. ಹುಡುಗಿಯೊಬ್ಬಳು ‘ದಿಸ್ ಈಸ್ ಸೋ ಎಂಬರಾಸಿಂಗ್, ಅಮ್ಮಾ’ ಎಂದು ಗೊಣಗುತ್ತಾ ನಿಂತದ್ದು ನನಗೆ ಗೋಡೆಯ ಮೇಲಿಂದ ಕೇಳಿಸಿತ್ತು. ದರ್ಶನವಾದ ಮೇಲೆ ಅಕ್ಕನ ಮನೆಯಲ್ಲಿ ಉಪ್ಪಿಟ್ಟು, ಕಾಫಿ.

ನರಿಗೆ ಇದೆಲ್ಲ ಗೊತ್ತಾಗುತ್ತದೆಯೇ? ಅದಕ್ಕೆ ಗೊತ್ತಾದದ್ದು ಇಷ್ಟೇ: ಮನುಷ್ಯರಿರುವ ಕಡೆ ಊಟ ಇದೆ. ಮೊದಲು ಒಂದು ಬರುತ್ತಿತ್ತು, ಆಮೇಲೆ ಸಂಸಾರ ಸಮೇತ ಬಂತು. ಬಯಲು ದಾಟಿ ನಮ್ಮ ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂತು. ನಾಯಿ ಬೊಗಳಿ ಬೊಗಳಿ ಗಂಟಲು ಕಟ್ಟಿಸಿಕೊಂಡಿತು. ನಾನು ಹೋಗಿ, ಅಕ್ಕಾ, ಇದು ಒಳ್ಳೆಯದಲ್ಲ, ಇವು ಕಾಡು ಪ್ರಾಣಿ, ಒಂದು ದಿನ ನಾಯಿಗೋ ಮಗುವಿಗೋ ಬಾಯಿ ಹಾಕುತ್ತವೆ ಎಂದೆ.

“ನಿಮ್ಮ ನಾಯಿನ ಬೆಳಿಗ್ಗೆ ಹೊತ್ತು ಕಟ್ಟಿ ಹಾಕ್ಬಿಡಿ,” ಎಂದರು ಅಕ್ಕ. “ಅದು ಬೊಗಳಿದ್ರೆ ನರಿ ಓಡಿಹೋಗತ್ತೆ. ಪಾಪ, ಜನ ಅಷ್ಟು ದೂರದಿಂದ ಬಂದಿರ್ತಾರೆ.”

ಮನೆಗೆ ಬಂದು ಇವರಿಗೆ ಹೇಳಿದೆ.

“ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ನನ್ನ ಪರ್ಮಿಟ್ ರಿನ್ಯೂವಲ್ ಇದೆ. ಕಂಪನಿ ಕಡೆಯಿಂದ ಸೈನ್ ಮಾಡ್ಬೇಕಾದೋರು ಅವರ ಯಜಮಾನ್ರೇ,” ಎಂದರು.

ಅಡ್ಜಸ್ಟ್ ಮಾಡಿಕೊಂಡೆ. ನನ್ನ ಮನೆಯ ಹಿತ್ತಿಲಲ್ಲಿ ನನ್ನ ನಾಯಿಯನ್ನು ಕಟ್ಟಿಹಾಕಿದೆ, ಊರವರ ನರಿ ಓಡಾಡಲಿ ಎಂದು.

ಜುಲೈ ತಿಂಗಳ ಒಂದು ಮೋಡದ ಬೆಳಿಗ್ಗೆ. ಶನಿವಾರ. ಅಕ್ಕನ ಹಿತ್ತಿಲಲ್ಲಿ ಜನ ಸೇರಿದ್ದರು. ಒಂದು ನರಿ ಬಂತು. ಬಯಲಿನಲ್ಲಿ ಸುರಿದ ಮಾಂಸದ ಕಡೆ ತಿರುಗಿಯೂ ನೋಡದೆ ನೇರ ಜನರ ಕಡೆಗೇ ನಡೆದು ಬಂತು. ತಲೆ ತಗ್ಗಿತ್ತು, ಕಾಲು ಸ್ವಲ್ಪ ತೊಡರುತ್ತಿತ್ತು, ಬಾಯಿಯಿಂದ ಜೊಲ್ಲು. ಯಾರಿಗೂ ಹೆದರಲಿಲ್ಲ. ‘ಎಷ್ಟು ಸಾಧು ಆಗ್ಬಿಟ್ಟಿದೆ ನೋಡಿ’ ಎಂದು ಯಾರೋ ಅಂದರು. ಫೋನುಗಳು ಮೇಲೆದ್ದವು. ಒಬ್ಬಾಕೆ ತನ್ನ ಪುಟ್ಟ ಮಗನನ್ನು ಮುಂದಕ್ಕೆ ತಳ್ಳಿ ‘ಹೋಗು, ಜೈ ಮಾಡು’ ಎಂದಳು. ನಾನು ಗೋಡೆಯ ಈಚೆಯಿಂದ ಬೇಡ ಬೇಡ ಎಂದು ಕೂಗುವಷ್ಟರಲ್ಲಿ ನಮ್ಮ ನಾಯಿ ಕತ್ತುಪಟ್ಟಿಯಿಂದ ತಲೆ ಬಿಡಿಸಿಕೊಂಡು ಗೋಡೆ ಹಾರಿತ್ತು. ಅದು ಮಗುವನ್ನು ಕಾಪಾಡಲೆಂದೇ ಹೋಯಿತು ಎಂದು ನಾನು ಹೇಳುವುದಿಲ್ಲ. ನಾಯಿ, ನರಿಯನ್ನು ಕಂಡಿತು, ಹೋಯಿತು. ಆದರೆ ನರಿಯ ಹಲ್ಲು ಹುಡುಗನ ಕೆನ್ನೆಗೆ ಬೀಳುವ ಬದಲು ನಾಯಿಯ ಭುಜಕ್ಕೆ ಬಿತ್ತು. ಇದನ್ನು ಅಲ್ಲಿದ್ದವರೆಲ್ಲ ನೋಡಿದ್ದಾರೆ.

ಜನ ಚೀರಿ ಒಳಗೆ ಓಡಿದರು. ಅಸ್ಕಾರಿ ದೊಣ್ಣೆ ಬೀಸಿ ನರಿಯನ್ನು ಅಟ್ಟಿದ. ಮರುದಿನ ಅದು ಬೇಲಿಯ ಬುಡದಲ್ಲಿ ಸತ್ತುಬಿದ್ದಿತ್ತು. ಪಾರ್ಕಿನವರು ಬಂದು ಒಯ್ದರು; ರೇಬೀಸ್ ಇತ್ತೆಂದು ಆಮೇಲೆ ತಿಳಿಸಿದರು. ಅಕ್ಕ ನಂಬಲಿಲ್ಲ. “ಹುಚ್ಚುನಾಯಿ ಅಂತಾರೆ. ಹುಚ್ಚುನರಿ ಅಂತ ಎಲ್ಲಾದ್ರೂ ಕೇಳಿದೀರಾ?” ಎಂದು ಸಾಲಿನವರನ್ನೆಲ್ಲ ಕೇಳಿದರು. ಜಿ.ಎಂ. ಹೆಂಡತಿ ಕೇಳಿದರೆ ಯಾರು ಉತ್ತರ ಕೊಡುತ್ತಾರೆ?

ನಾನು ಗಾಯವನ್ನು ಸೋಪು ಹಾಕಿ ತೊಳೆಸಿ ಆವತ್ತೇ ನಾಯಿಯನ್ನು ಡಾಕ್ಟರ ಬಳಿ ಒಯ್ದಿದ್ದೆ. ವರ್ಷ ವರ್ಷವೂ ತಪ್ಪದೆ ಇಂಜೆಕ್ಷನ್ ಹಾಕಿಸಿದ ನಾಯಿ. ಅವರು ಇನ್ನೊಂದು ಬೂಸ್ಟರ್ ಕೊಟ್ಟು, ಕೆಲವು ವಾರ ಬೇರೆಯಾಗಿ ಕೂಡಿಹಾಕಿ ನೋಡಿಕೊಳ್ಳಿ, ಉಳಿಯುವ ಸಾಧ್ಯತೆಯೇ ಹೆಚ್ಚು ಎಂದರು. ಹಿತ್ತಿಲಲ್ಲಿ ಜಾಲರಿಯ ಗೂಡು ಮಾಡಿಸಿದೆ. ಊಟದ ಬಟ್ಟಲನ್ನು ಕೋಲಿನಿಂದ ಒಳಗೆ ತಳ್ಳುತ್ತಿದ್ದೆ. ಮಗಳು ದೂರದಲ್ಲಿ ಸ್ಟೂಲು ಹಾಕಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ನಾಯಿ ತಿನ್ನುತ್ತಿತ್ತು, ನೀರು ಕುಡಿಯುತ್ತಿತ್ತು, ನಮ್ಮನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು. ಗಾಯ ಮಾಯುತ್ತಾ ಬಂತು.

ಸಾಲಿನವರು ಅಕ್ಕನ ಮನೆಯ ಹಾಲ್‌ನಲ್ಲಿ ಮೀಟಿಂಗ್ ಸೇರಿದರು. ಮಾಂಸ ಹಾಕುವುದನ್ನು ನಿಲ್ಲಿಸಬೇಕು ಎಂಬ ಮಾತು ಬರುತ್ತದೆಂದು ನಾನು ಪೆದ್ದಿ ಕಾದು ಕೂತಿದ್ದೆ. ಬಂದದ್ದು ನನ್ನ ನಾಯಿಯ ಮಾತು. ಮಕ್ಕಳಿರುವ ಜಾಗ, ರಿಸ್ಕ್ ಬೇಡ, ಅದನ್ನು ‘ಮುಗಿಸಿಬಿಡುವುದು’ ಒಳ್ಳೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನರನ್ನು ಅಂದು ಕಣ್ಣಾರೆ ಕಂಡೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ‘ನಾಯಿ ತಾನೇ, ಇನ್ನೊಂದು ತಂದ್ರಾಯ್ತು’ ಎಂದರು. ಆ ಪುಟ್ಟ ಹುಡುಗನ ತಾಯಿಯೂ ಇದ್ದಳು. ಕಾಫಿ ಲೋಟ ನೋಡುತ್ತಾ ಕೂತಿದ್ದಳು. ಕೊಡುವುದಿಲ್ಲ ಎಂದು ಎದ್ದು ಬಂದೆ.

ಅದಾಗಿ ಕೆಲವು ದಿನಕ್ಕೆ ಮಗಳ ಹಲ್ಲಿನ ಕ್ಲಿಪ್ ಸರಿಮಾಡಿಸಲು ನಾನೂ ಅವಳೂ ಪಾರ್ಕ್‌ಲ್ಯಾಂಡ್ಸ್‌ಗೆ ಹೋಗಿದ್ದೆವು. ವಾಪಸು ಬರುವಾಗ ಸಂಜೆ. ಗೂಡಿನ ಬಾಗಿಲು ತೆರೆದಿತ್ತು. ಬಟ್ಟಲನ್ನು ತೊಳೆದು ಕವುಚಿಟ್ಟಿದ್ದರು. ಇವರು ಹಾಲ್‌ನಲ್ಲಿ ಬೂಟು ಕೂಡ ಬಿಚ್ಚದೆ ಕೂತಿದ್ದರು.

“ಜಿ.ಎಂ. ಕ್ಯಾಬಿನ್ನಿಗೆ ಕರೆಸಿ, ನಾಯಿ ವಿಷಯ ಏನು ಮಾಡಿದ್ರಿ ಅಂತ ಕೇಳಿದ್ರು,” ಎಂದರು. “ನಮ್ಮ ಡಾಕ್ಟರು ಒಪ್ಪಲಿಲ್ಲ. ಬೇರೆ ಕಡೆ ತಗೊಂಡ್ ಹೋದೆ.”

“ಅದಕ್ಕೆ ಏನೂ ಆಗಿರಲಿಲ್ಲ,” ಎಂದೆ.

“ಗೊತ್ತು,” ಎಂದರು.

ಆ ‘ಗೊತ್ತು’ ಇದೆಯಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಹೆದರಿಕೆಯಿಂದ ಮಾಡಿದರು ಎಂದಾದರೂ ಅಂದುಕೊಳ್ಳುತ್ತಿದ್ದೆ. ಮಗಳು ‘ಯು ಡಿಡಂಟ್ ಈವನ್ ಲೆಟ್ ಮಿ ಸೇ ಬೈ’ ಎಂದವಳು ಕೋಣೆಯ ಬಾಗಿಲು ಹಾಕಿಕೊಂಡಳು. ಕಾರಿನಲ್ಲಿ ಅದು ಹೇಗೆ ಕೂತಿತ್ತು ಎಂದು ನಾನು ಕೇಳಲಿಲ್ಲ. ಕಾರೆಂದರೆ ಅದಕ್ಕೆ ಬಲು ಖುಷಿ, ಬಾಗಿಲು ತೆಗೆದರೆ ಸಾಕು ಹತ್ತುತ್ತಿತ್ತು. ಅಂದು ಅಡುಗೆ ಮಾಡಲಿಲ್ಲ. ಎಷ್ಟೋ ದಿನ ಇವರ ಹತ್ತಿರ ಮಾತೂ ಆಡಲಿಲ್ಲ. ಕೈಲಾಗದ ಸಿಟ್ಟು ಎನ್ನುತ್ತಾರಲ್ಲ, ಅದು. ಬಿಟ್ಟು ಹೋಗುತ್ತೇನೆ ಎನ್ನಲು ನನ್ನ ಪಾಸೂ ಅವರದೇ ಪರ್ಮಿಟ್ಟಿಗೆ ಅಂಟಿಕೊಂಡಿತ್ತು.

ಪರ್ಮಿಟ್ ಬಂತು. ವರಮಹಾಲಕ್ಷ್ಮಿ ಹಬ್ಬವೂ ಬಂತು. ಅಕ್ಕನ ಮನೆಯಿಂದ ಅರಿಶಿನ ಕುಂಕುಮಕ್ಕೆ ಕರೆ. ಹೋಗುವುದಿಲ್ಲ ಎಂದೆ. ‘ಹೋಗಿ ಬಾ, ಒಂದು ಹತ್ತು ನಿಮಿಷ, ನನಗೋಸ್ಕರ’ ಎಂದರು ಇವರು. ಹೋದೆ. ಸೀರೆ ಉಡಿಸಿದ ಕಳಶ, ಹೂವು, ಸಾಲಿನ ಹೆಂಗಸರು, ಪಾರ್ಕ್‌ಲ್ಯಾಂಡ್ಸ್‌ನ ಹೆಂಗಸರು. ಹಿತ್ತಿಲ ಬಾಗಿಲಲ್ಲಿ ಅಸ್ಕಾರಿ ಬಕೆಟ್ ಹಿಡಿದು ಹೋಗುವುದು ಕಂಡಿತು. ಒಂದು ನರಿ ಸತ್ತರೇನು, ಸಂಸಾರ ಇತ್ತಲ್ಲ.

ಅಕ್ಕ ತಟ್ಟೆ ಹಿಡಿದು ನನ್ನ ಮುಂದೆ ಬಂದರು. ಕುಂಕುಮಕ್ಕೆ ಬೆರಳು ಅದ್ದಿ, ಎಲ್ಲರಿಗೂ ಕೇಳುವ ಹಾಗೆ, “ನಿಮ್ಮ ನಾಯಿ ಮನೆ ಕಷ್ಟನೆಲ್ಲ ತಗೊಂಡ್ ಹೋಯ್ತು ನೋಡಿ. ಪರ್ಮಿಟ್ ಬಂತಲ್ಲ? ನೀವು ನಂಬ್ಲಿಲ್ಲ, ಆದ್ರೂ ನರಿ ಮುಖ ಕೈಬಿಡ್ಲಿಲ್ಲ,” ಎಂದರು.

ಅರಿಶಿನ ಕುಂಕುಮ ಬೇಡ ಎನ್ನುವ ಮುತ್ತೈದೆಯನ್ನು ನಾನು ಎಲ್ಲೂ ಕಂಡಿಲ್ಲ. ಜಗಳವಾಡಿ ಮುಖ ನೋಡದವರೂ ಹಣೆ ಮಾತ್ರ ಒಡ್ಡುತ್ತಾರೆ. ನನ್ನ ಕೈ ತಾನಾಗಿ ಹಣೆಗೆ ಅಡ್ಡ ಹೋಯಿತು.

“ಬೇಡ,” ಎಂದೆ. “ಹುಷಾರಾಗಿದ್ದ ನಾಯಿನ ಸಾಯಿಸಿದ್ದು ನೀವು. ನಿಮ್ಮ ಕೈಯಿಂದ ನನಗೆ ಕುಂಕುಮ ಬೇಡ.”

ಅವರ ಬೆರಳು ಹಾಗೇ ನಿಂತಿತು. ಹಿಂದೆ ಯಾರೋ ‘ಅಯ್ಯೋ, ಹಬ್ಬದ ದಿನ’ ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ. ಪಕ್ಕದ ನಮ್ಮ ಗೇಟು ತಲುಪುವಷ್ಟರಲ್ಲಿ ಫೋನು ನನಗಿಂತ ಮೊದಲು ಮನೆ ಮುಟ್ಟಿತ್ತು. ಇವರು ಬಾಗಿಲಲ್ಲೇ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

“ಏನು ಮಾಡ್ಬಿಟ್ಟೆ ನೀನು?”

“ಅವತ್ತು ಆ ಕ್ಯಾಬಿನ್ನಲ್ಲಿ ನೀವು ಮಾಡ್ಬೇಕಾಗಿದ್ದನ್ನ,” ಎಂದೆ.