ಬಟ್ಟೆಯ ಆಚೆಬದಿಗೂ ಬಲಗೈ

ಓಡೈಪಟ್ಟಿಯ ಮೂಡಲ ಅಂಚಿನ ಮನೆಯ ಮುಂದೆ, ಸುಣ್ಣ ಬಳಿದ ಗೋಡೆಯ ಪಕ್ಕದಲ್ಲಿ, ಅಳಗರ್ ದಂಡ ಹೊಡೆಯುತ್ತಿದ್ದಾರೆ. ಹೊಡೆಯುತ್ತಿದ್ದಾರೆ ಎಂದರೆ ಪೂರ್ತಿ ನಿಜವಲ್ಲ, ಅರ್ಧ ಇಳಿದು ಅಲ್ಲೇ ತಡೆದು ನಿಂತಿದ್ದಾರೆ. ಎದೆ ನೆಲದಿಂದ ಒಂದು ಗೇಣು ಮೇಲಿದೆ, ತೋಳು ನಡುಗುವುದಕ್ಕೆ ಇನ್ನೇನು ಶುರುವಾಗಬೇಕು. ಆಗತಾನೆ ಹುಟ್ಟಿದ ಸೂರ್ಯನ ಬೆಳಕು ನೆಲಕ್ಕೆ ಸಮನಾಗಿ ಬಂದು ಅವರ ನೆರಳನ್ನು ಗೋಡೆಯ ಮೇಲೆ ಚೊಕ್ಕವಾಗಿ ಬೀಳಿಸಿದೆ. ಹೆಂಡತಿ ಮೂಕಮ್ಮಾಳ್ ಕೈಯಲ್ಲಿ ಇದ್ದಿಲು ಹಿಡಿದು ಆ ನೆರಳಿನ ಅಂಚಿನಗುಂಟ ಗೆರೆ ಎಳೆಯುತ್ತಿದ್ದಾರೆ.

“ಅಂಗೇ ಇರಿ, ಅಲ್ಲಾಡಬ್ಯಾಡಿ. ಇನ್ನಾ ಮೊಣಕಾಲು ಬಾಕಿ ಐತೆ.”

“ಬ್ಯಾಗ ಗೀಚಮ್ಮ. ತೋಳು ಉರೀತೈತೆ.”

“ನೆಳ್ಳು ಬ್ಯಾಗ ಬತ್ತದಾ? ಅದರ ಪಾಡಿಗೆ ಅದು ಬತ್ತದೆ.”

ಸೂರ್ಯ ಬೇಲಿಯ ಕಳ್ಳಿಗಿಂತ ಮೇಲೇರಿದರೆ ನೆರಳು ಕುಗ್ಗಿ ಅಂಕುಡೊಂಕಾಗುತ್ತದೆ, ಕೆಲಸ ಮುಗಿದಂತೆಯೇ. ಅಷ್ಟರೊಳಗೆ ಮೂರು ಭಂಗಿ ಸಿಕ್ಕರೆ ಆ ದಿನದ ಪುಣ್ಯ. ಒಂದು ದಂಡಕ್ಕೆ ಹನ್ನೆರಡು ಭಂಗಿ, ಅಂದರೆ ಮೋಡ ಕವಿಯದಿದ್ದರೆ ನಾಲ್ಕು ಬೆಳಗು. ಆಮೇಲೆ ಗೋಡೆಯ ಮೇಲಿನ ಆಳನ್ನು ಹೆಬ್ಬೆರಳಷ್ಟಕ್ಕೆ ಇಳಿಸಿ, ದೀಪದ ಮಸಿಗೆ ಗೋಂದು ಕಲಸಿ, ದುಂಡು ಗಾಜಿನ ಅಂಚಿನಲ್ಲಿ ಸುತ್ತಲೂ ಬರೆಯುತ್ತಾರೆ. ದೀಪದ ಮುಂದೆ ಆ ಗಾಜು ತಿರುಗಿತೆಂದರೆ ಕಟ್ಟಿದ ಬಟ್ಟೆಯ ಮೇಲೆ ಆಳೆತ್ತರದ ಪೈಲ್ವಾನನೊಬ್ಬ ಬಗ್ಗಿ ದಂಡ ಹೊಡೆದು ಏಳುತ್ತಾನೆ. ಗಾಜಿನ ಮೇಲಿನ ಚಿತ್ರ ಹೀಗೆ ಮೈಮುರಿದು ಏಳುವುದನ್ನು ಈ ಕಣಿವೆಯ ಜನ ಅಳಗರ್‌ಗಿಂತ ಮೊದಲು ಕಂಡದ್ದಿಲ್ಲ. ಆದರೂ ಯಾವ ಊರಿನಲ್ಲೂ ಅವರ ಹೆಸರು ಯಾರಿಗೂ ಗೊತ್ತಿಲ್ಲ. “ಪಡಪೆಟ್ಟಿಯವನು ಬಂದ” ಎನ್ನುತ್ತಾರೆ, ಅಷ್ಟೇ; ಪಡವೆಂದರೆ ಇಲ್ಲಿನವರ ಮಾತಿನಲ್ಲಿ ಚಿತ್ರ.

ಘಟ್ಟ ಇಳಿದು ಬಂದು ಎಷ್ಟು ತಲೆಮಾರಾಯಿತೆಂದು ಲೆಕ್ಕ ಬಿಟ್ಟ ಒಕ್ಕಲು ಮನೆತನ ಅಳಗರ್ ಅವರದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಣ್ಣತಮ್ಮಂದಿರು ಜೋಳದ ಹೊಲ ನೋಡಿಕೊಂಡರು, ಇವರು ಮೈ ನೋಡಿಕೊಂಡರು. ಹತ್ತನೆಯ ವಯಸ್ಸಿಗೆ ಗುರು ವೇಲುಸಾಮಿ ವಾದ್ಯಾರರ ಗರಡಿ ಸೇರಿದವರು ಮೂವತ್ತು ವರ್ಷ ಬೆಳಗಿನ ಸಾಮು ತಪ್ಪಿಸಲಿಲ್ಲ. ಪೆರಿಯಾರ್ ಅಣೆಕಟ್ಟೆಯಲ್ಲಿ ಸುಣ್ಣ ಹೊರಲು ಹೋದಾಗಲೂ ಕೆಲಸಕ್ಕೆ ಮೊದಲು ಮುನ್ನೂರು ದಂಡ, ಐನೂರು ಬಸ್ಕಿ. ಜೊತೆಯವರು ನಕ್ಕರು. ಹಗಲೆಲ್ಲ ಕಲ್ಲುಸುಣ್ಣ ಹೊರುವವನಿಗೆ ಬೇರೆ ಕಸರತ್ತು ಬೇಕೇ ಎಂದು ಅವರು ನಕ್ಕರೆ ತಪ್ಪೇನೂ ಇಲ್ಲ ಬಿಡಿ.

ಚಿತ್ರದ ಹುಚ್ಚು ಹಿಡಿದದ್ದೂ ಆ ಅಣೆಕಟ್ಟೆಯ ಕಾಡಿನಲ್ಲೇ. ಕೂಲಿಯವರಿಗೆ ಒಂದು ಸಂಜೆ ದೊರೆಯೊಬ್ಬ ದೀಪದ ಪೆಟ್ಟಿಗೆಯಲ್ಲಿ ತನ್ನ ದೇಶದ ಹಡಗು, ಹಿಮ, ಕುದುರೆ ಎಲ್ಲ ತೋರಿಸಿದ. “ಎಲ್ಲಾ ಚೆಂದ ಇತ್ತು. ಆದ್ರೆ ಒಂದೂ ಅಲ್ಲಾಡ್ಲಿಲ್ಲ. ಕುದುರೆ ಕಾಲೆತ್ತಿದ್ದು ಎತ್ತಿದಂಗೇ ನಿಂತಿತ್ತು. ನನಿಗೇ ಕಾಲು ನೋವು ಬಂತು,” ಎನ್ನುತ್ತಾರೆ ಅಳಗರ್. ಕೆಲಸ ಮುಗಿದು ದೊರೆ ಹೊರಟಾಗ ಮಸೂರ ಒಡೆದಿದ್ದ ಆ ಪೆಟ್ಟಿಗೆಯನ್ನು ಅಲ್ಲೇ ಎಸೆದು ಹೋದ. ಇವರು ಹೊತ್ತು ತಂದು ಬೇರೆ ಮಸೂರ ಹಾಕಿಸಿದರು. ಗಾಜಿನ ಚಕ್ರ ಒಂದೊಂದು ಚಿತ್ರಕ್ಕೂ ಟಕ್ಕನೆ ನಿಂತು ಮುಂದಕ್ಕೆ ಹೋಗಬೇಕು, ಸುಮ್ಮನೆ ತಿರುಗಿದರೆ ಎಲ್ಲ ಕಲಸಿದ ಗಂಜಿ. ಹಾಗೆ ತಡೆದು ಬಿಡುವ ಹಲ್ಲುಚಕ್ರ ಕೂರಿಸಿಕೊಟ್ಟವರು ದಿಂಡಿಗಲ್ಲಿನ ಬೀಗದ ಕಸುಬಿನ ಚಿನ್ನತಂಬಿ. ಹಲ್ಲಿಗೆ ಹಲ್ಲು ಕಚ್ಚಿ ನಿಲ್ಲುವುದು ಹೇಗೆಂದು ಬೀಗಕ್ಕೆ ಹೆಸರಾದ ದಿಂಡಿಗಲ್ಲಿನವರಿಗೆ ಹೇಳಿಕೊಡಬೇಕೇ?

ಪೆಟ್ಟಿಗೆ ಒಂದೂವರೆ ಮಣ ತೂಗುತ್ತದೆ. ಅದನ್ನು ಹೊತ್ತು ಬೋಡಿಯ ಏಲಕ್ಕಿ ಮಂಡಿಗಳಿಗೂ ನಿಲಕ್ಕೋಟ್ಟೈಯ ಹೂತೋಟಗಳಿಗೂ ನಡೆದೇ ಹೋಗುತ್ತಾರೆ. ಮೀನು ನುಂಗುವ ಕೊಕ್ಕರೆ, ಗರಿ ಬಿಚ್ಚುವ ನವಿಲು, ಕೊನೆಗೆ ಗರಡಿಯ ಪೈಲ್ವಾನ. ಜನ ಕಾಯುವುದು ಆ ಕೊನೆಯದಕ್ಕೆ, ಅಳಗರ್ ಸೋತದ್ದೂ ಅದರಲ್ಲೇ.

ಗರಡಿಗೆ ಒಂದು ಕಟ್ಟಳೆ ಇದೆ. ಒಳಗೆ ಕಾಲಿಟ್ಟವನು ಮೊದಲು ಬಲಗೈಯಲ್ಲಿ ಮಟ್ಟಿ, ಅಂದರೆ ಅಖಾಡದ ಕೆಂಪು ಮಣ್ಣು, ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಎಡಗೈ ತಾಗಿದರೆ ಆ ದಿನ ಯಾರೂ ಮಣ್ಣಿಗೆ ಇಳಿಯುವುದಿಲ್ಲ. ಅಳಗರ್ ಬರೆದ ಪೈಲ್ವಾನನೂ ಮೊದಲು ನಮ್ಮ ಕಡೆ ಮುಖ ಮಾಡಿ, ಬಗ್ಗಿ, ಬಲಗೈಯಲ್ಲಿ ಮಣ್ಣು ಮುಟ್ಟುತ್ತಾನೆ. ಹದಿನಾಲ್ಕು ತಿಂಗಳ ಹಿಂದೆ ಆ ಆಟ ವಾದ್ಯಾರರ ಬೀದಿಯಲ್ಲೇ ಏರ್ಪಾಡಾಯಿತು. ಬಟ್ಟೆಯ ಈಚೆ ಗಂಡಸರು, ಆಚೆ ಹೆಂಗಸರು ಕೂರುವುದು ಊರಿನ ರೂಢಿ. ತೆಳು ಬಟ್ಟೆ ನೆನೆಸಿ ಕಟ್ಟಿದರೆ ಎರಡೂ ಕಡೆಗೆ ಚಿತ್ರ ಕಾಣುತ್ತದೆ. ಮಂಡಿನೋವಿನ ವಾದ್ಯಾರರು ತಮ್ಮ ಮನೆಯ ಜಗಲಿಯಲ್ಲೇ ಕುಳಿತರು. ಜಗಲಿ ಇದ್ದದ್ದು ಹೆಂಗಸರ ಕಡೆ.

ಅಲ್ಲಿಂದ ಅವರು ಕಂಡದ್ದು ಎಡಗೈ. ಮಣ್ಣು ಮುಟ್ಟಿದ್ದು ಎಡಗೈ, ಹಣೆಗೆ ಹೋದದ್ದು ಎಡಗೈ, ಅದೂ ಊರೆಲ್ಲ ನೋಡುವಾಗ. ವಾದ್ಯಾರರು ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಕದ ಹಾಕಿಕೊಂಡರು. ಮರುದಿನ ಬೆಳಗ್ಗೆ ಗರಡಿಯ ಬಾಗಿಲಲ್ಲಿ ಅವರದು ಒಂದೇ ಮಾತು: “ಮಟ್ಟೀನ ತಮಾಸೆ ಮಾಡಿದೋನಿಗೆ ಇಲ್ಲಿ ಜಾಗ ಇಲ್ಲೆ.”

ಅಳಗರ್‌ಗೆ ಏನಾಯಿತೆಂದೇ ತಿಳಿಯಲಿಲ್ಲ. ಕೇಳಲೂ ಇಲ್ಲ. ವಾದ್ಯಾರರು ಕೇಳದೆ ಶಿಷ್ಯ ಬಾಯಿ ತೆರೆಯುವುದು ಗುರುವಿಗೆ ತಿರುಮಂತ್ರ ಹಾಕಿದಂತೆ. ತಲೆತಗ್ಗಿಸಿ ಮನೆಗೆ ಬಂದು ಕುಳಿತರು. ಕಾರಣ ಹೇಳಿದ್ದು ಮೂಕಮ್ಮಾಳ್, ಅದೂ ರೊಟ್ಟಿ ತಟ್ಟುತ್ತಾ.

“ಹೆಂಗಸ್ರ ಕಡೆ ಯಾವಾಗ್ಲೂ ಎಡಗೈಯೇ ಕಾಣೋದು. ಪಡದಾಗಿನ ಮನುಸ್ರು ಎಡಚರು ಅಂದ್ಕೊಂಡಿದ್ವಿ.”

“ಅದ ಮೊದ್ಲೇ ಹೇಳಬಾರ್ದಾ?”

“ನೀವು ಒಂದು ದಿನಾನಾದ್ರೂ ನಮ್ಮ ಕಡೆ ಬಂದು ಕೂತಿದ್ರಾ?”

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಅಷ್ಟು ವರ್ಷ ಪೆಟ್ಟಿಗೆಯ ಹಿಂದೆ ನಿಂತವರು ತಮ್ಮ ಚಿತ್ರ ಅರ್ಧ ಊರಿಗೆ ಎಡಬಲ ತಿರುಗಿ ಕಾಣುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಂದಿನಿಂದ ಅವರಿಗೆ ಸುಣ್ಣದ ಗೋಡೆಯೇ ಗರಡಿ. ಸಾಮು ತಪ್ಪಿಲ್ಲ, ಆದರೆ ಮೈಗೆ ಮಟ್ಟಿ ಅಂಟಿಲ್ಲ. “ಬೆವರು ಬತ್ತದೆ, ಮಣ್ಣಿನ ವಾಸ್ನೆ ಬರಲ್ಲ. ಉಪ್ಪಿಲ್ಲದ ಕೂಳು,” ಎಂದು ಹೇಳುವಾಗ ಅವರ ದನಿ ಇಳಿಯುತ್ತದೆ. ನಲವತ್ತು ದಾಟಿದ, ಕಂಬದಂಥ ತೋಳಿನ ಮನುಷ್ಯನ ಕಣ್ಣು ತುಂಬಿದ್ದನ್ನು ನೋಡುವುದು ಕಷ್ಟ.

ಊರ ಹಿರಿಯರು ಸುಲಭದ ದಾರಿ ತೋರಿಸಿದರು. ಬಟ್ಟೆಗೆ ಎರಡು ಪದರ ಹಾಕು, ಆಚೆಗೆ ಕಾಣದಿದ್ದರೆ ಎಡಗೈಯ ಮಾತೇ ಇಲ್ಲ. ಅಳಗರ್ ಒಪ್ಪಲಿಲ್ಲ. “ಗೆರೆ ಎಳದೋಳೇ ಒಬ್ಳು ಹೆಂಗ್ಸು. ಅವಳ ಕಡೆಯೋರಿಗೆ ಕಾಣದ ಪಡ ನನಿಗ್ಯಾಕೆ?” ಹೆಂಗಸರನ್ನೇ ಈಚೆ ಕರೆದು ನೋಡಿದರೆ ಅವರೂ ಬರಲಿಲ್ಲ. ಗಂಡಸರ ಸಾಲಿನಲ್ಲಿ ಕೂತರೆ ಕಾಲು ಚಾಚುವುದು ಹೇಗೆ ಎಂದರು.

ಕೊನೆಗೆ ಅಳಗರ್ ಪೆಟ್ಟಿಗೆ ಹೊತ್ತು ಮತ್ತೆ ದಿಂಡಿಗಲ್ಲಿಗೆ ನಡೆದರು. ಗಾಜನ್ನು ಕಳಚಿ ಮಗುಚಿ ಕೂರಿಸಿದರೂ ಹಲ್ಲು ಕಚ್ಚಬೇಕು ಎಂದು ಕೇಳಿದರು. “ಎರಡೂ ಕಡೆಯಿಂದ ತೆರೆಯುವ ಬೀಗ ಮಾಡಿದ್ದೇನೆ, ಇದೇನು ಮಹಾ,” ಎಂದು ಚಿನ್ನತಂಬಿ ಒಂಬತ್ತು ದಿನ ಕೂರಿಸಿಕೊಂಡರು. ಈಗ ಪ್ರತಿ ಆಟವೂ ಎರಡು ಸಲ. ಮೊದಲು ಗಂಡಸರಿಗೆ, ಆಮೇಲೆ ಗಾಜು ಮಗುಚಿ ಹೆಂಗಸರಿಗೆ. ಮೊದಲು ಆರುನೂರು ಸುತ್ತು ತಿರುಗುತ್ತಿದ್ದ ಹಿಡಿ ಈಗ ಸಾವಿರದ ಇನ್ನೂರು ಸುತ್ತು ತಿರುಗುತ್ತದೆ. ಎಡಗೈ ನೋಡುವ ಸರದಿ ಬಂದಾಗ ಗಂಡಸರು ಗೊಣಗುತ್ತಾರೆ, ಗೊಣಗಲಿ. ಇಷ್ಟು ದಿನ ಹೆಂಗಸರು ಗೊಣಗದೆ ನೋಡಿದರಲ್ಲ!

ಶುಕ್ರವಾರ ವಾದ್ಯಾರರ ಬೀದಿಯಲ್ಲಿ ಆಟ. ಅಳಗರ್ ತಾವಾಗಿಯೇ ಕೇಳಿಕೊಂಡು ಏರ್ಪಡಿಸಿದ್ದು. ವಾದ್ಯಾರರು ಇನ್ನೊಮ್ಮೆ ಎದ್ದು ಒಳಗೆ ಹೋದರೆ ಗರಡಿಯ ಬಾಗಿಲು ಈ ಜನ್ಮಕ್ಕೆ ಮುಚ್ಚಿದಂತೆಯೇ. ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ವಾದ್ಯಾರರು ಬಂದು ಕೂರುತ್ತಾರೆ, ಅವರ ಕಾಲಬುಡದಲ್ಲಿ ಮೂಕಮ್ಮಾಳ್. ಕೊಕ್ಕರೆ, ನವಿಲು ಮುಗಿದು ಪೈಲ್ವಾನ ಬರುತ್ತಾನೆ. ಜಗಲಿಯ ಕಡೆಗೆ ಎಡಗೈ. ವಾದ್ಯಾರರು ಕೋಲಿಗೆ ಕೈ ಹಾಕುತ್ತಾರೆ.

“ಕೊಂಚ ಇರಿ ಮಾಮ,” ಎನ್ನುತ್ತಾರೆ ಮೂಕಮ್ಮಾಳ್. “ಇದು ಆಚೆಯೋರ ಸರದಿ. ನಮ್ಮದು ಇನ್ನಾ ಬಂದಿಲ್ಲೆ.”

ಮಾತಿಗೆ ಮಣಿದರೋ ಮಂಡಿ ಏಳಗೊಡಲಿಲ್ಲವೋ, ವಾದ್ಯಾರರು ಏಳುವುದಿಲ್ಲ. ಬಟ್ಟೆ ಒಮ್ಮೆ ಬೆಳ್ಳಗಾಗುತ್ತದೆ. ಗಾಜು ಮಗುಚುವ ಸದ್ದು. ಮತ್ತೆ ಪೈಲ್ವಾನ ಬಂದು, ಬಗ್ಗಿ, ಮಣ್ಣು ಮುಟ್ಟಿ ಹಣೆಗೆ ಒತ್ತುತ್ತಾನೆ. ಬಲಗೈ. ಹೆಂಗಸರ ಕಡೆಯಿಂದ “ಓ” ಎಂಬ ಉದ್ಗಾರ ಏಳುತ್ತದೆ. ವಾದ್ಯಾರರು ಕೊನೆಯ ದಂಡದವರೆಗೂ ನೋಡಿ, ಕೋಲೂರಿ ಒಳಗೆ ಹೋಗುತ್ತಾರೆ. ಬಟ್ಟೆಯ ಈಚೆ ಇರುವ ಅಳಗರ್‌ಗೆ ಅದೇನೂ ಕಂಡಿಲ್ಲ. ಹೆಂಡತಿಯನ್ನು ಕೇಳಿದರೆ ಅವರಿಗೂ ವಾದ್ಯಾರರ ಮುಖ ಓದಲಾಗಿಲ್ಲ.

ಮರುದಿನ ಬೆಳಗ್ಗೆ ಗಂಡ ಅರ್ಧ ದಂಡದಲ್ಲಿ, ಹೆಂಡತಿ ಇದ್ದಿಲಿನ ಗೆರೆಯಲ್ಲಿ ಇರುವಾಗ ಗೋಡೆಯ ಮೇಲೆ ಮೂರನೆಯ ನೆರಳೊಂದು ಕೋಲೂರಿಕೊಂಡು ಬರುತ್ತದೆ.

“ಎಂಟನೇ ಪಡದಾಗ ಸೊಂಟ ಮೇಲಕ್ಕೈತೆ,” ಎನ್ನುತ್ತಾರೆ ವೇಲುಸಾಮಿ ವಾದ್ಯಾರ್. “ಅದು ದಂಡ ಅಲ್ಲ, ಮಲಗಿದ್ದ ಹಸು ಎದ್ದಂಗೈತೆ. ನಾಳೆ ಮಟ್ಟಿಗೆ ಬಾ. ನನ್ನ ಕಣ್ಮುಂದೆ ಹೊಡಿ, ಸರಿ ಮಾಡ್ತೀನಿ.”

ಕೈಯ ಮಾತಿಲ್ಲ, ಹದಿನಾಲ್ಕು ತಿಂಗಳ ಮಾತೂ ಇಲ್ಲ. ಅಳಗರ್ ಅರ್ಧ ದಂಡದಿಂದಲೇ ಎದ್ದು ಕೈಮುಗಿಯುತ್ತಾರೆ. ಗೆರೆ ಕೆಡುತ್ತದೆ. ಮೂಕಮ್ಮಾಳ್ ಬೈಯುವುದಿಲ್ಲ.

ಇದಾಗಿ ಹನ್ನೊಂದು ದಿನ. ಅಳಗರ್ ದಿನವೂ ಗರಡಿಗೆ ಹೋಗಿ ಬರುತ್ತಾರೆ, ಕಿವಿಯ ಹಿಂದಿನ ಕೆಂಪು ಮಣ್ಣನ್ನು ಬೇಕೆಂದೇ ತೊಳೆಯುವುದಿಲ್ಲ. ಎಂಟನೆಯ ಚಿತ್ರ ಸರಿಹೋಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

“ವಾದ್ಯಾರು ಇನ್ನಾ ಒಪ್ಪಿಲ್ಲೆ. ಬ್ಯಾಗ ಒಪ್ಪೋದೂ ಬ್ಯಾಡ. ಎಂಟನೇದು ಸರಿಹೋದ್ರೆ ಪಾಪ, ಆ ವಯಸ್ಸಾದ ಜೀವ ಒಂಬತ್ತನೇದ್ರಾಗೆ ಒಂದು ತಪ್ಪು ಹುಡುಕ್ಬೇಕಲ್ಲ.”