ಶನಿವಾರದ ಒಪ್ಪೊತ್ತು, ದುಖಾನಿನ ನೀರು

ದೋಹಾದಲ್ಲಿ ಚಳಿಯೇ ಇಲ್ಲ ಅನ್ನುವವರನ್ನು ಜನವರಿಯಲ್ಲಿ ಕತಾರಿನ ಪಶ್ಚಿಮ ದಂಡೆಯ ದುಖಾನಿನ ಸಮುದ್ರಕ್ಕೆ ಇಳಿಸಬೇಕು. ಆಮೇಲೆ ಮಾತಾಡಲಿ. ಬೇಸಿಗೆಯಲ್ಲಿ ಸ್ನಾನದ ಹಂಡೆಯ ಹಾಗಿರುವ ಅದೇ ನೀರು ಡಿಸೆಂಬರ್ ದಾಟಿದರೆ ಎಲುಬಿಗೇ ಕೈ ಹಾಕುತ್ತದೆ. ದಪ್ಪ ರಬ್ಬರ್ ಸೂಟು ತೊಟ್ಟರೂ ಕುತ್ತಿಗೆಯ ಹಿಂದಿನಿಂದ ತಣ್ಣಗೆ ಬೆನ್ನಿಗಿಳಿಯುತ್ತದಲ್ಲ, ಆಗ ನಾನು ಮನಸ್ಸಿನಲ್ಲೇ ಎಲ್ಲರಿಗೂ ಬೈಯುತ್ತೇನೆ. ಮೊದಲು ನಮ್ಮ ಯಜಮಾನರಿಗೆ.

ಡೈವಿಂಗಿನ ಹುಚ್ಚು ಹಿಡಿಸಿದ್ದೇ ಅವರು. ಮಗಳು ಮೈಸೂರಿಗೆ ಓದಲು ಹೋದ ಮೇಲೆ ದೋಹಾದ ಅಲ್ ಸದ್ದ್ ಬಡಾವಣೆಯ ಫ್ಲಾಟಿನಲ್ಲಿ ನಾವಿಬ್ಬರೇ. "ಈ ವಯಸ್ಸಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಕೊಂಡು ಮುಳುಗೋದು ಬೇಕಾ ನಮಗೆ?" ಅಂದವಳು, ಆರು ತಿಂಗಳಲ್ಲಿ ಅವರಿಗಿಂತ ಚೆನ್ನಾಗಿ ಕಲಿತೆ. ಯಾಕೆಂದು ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ. ಮನೆಯಲ್ಲಿ ಅವರು ಫೋನು ನೋಡುತ್ತಾರೆ, ಟಿವಿ ನೋಡುತ್ತಾರೆ, ಗೋಡೆ ನೋಡುತ್ತಾರೆ. ನೀರೊಳಗೆ ನನ್ನನ್ನು ನೋಡುತ್ತಾರೆ. ಜೊತೆಯಲ್ಲಿ ಇಳಿದ ಇಬ್ಬರು ಆಗಾಗ ಒಬ್ಬರ ಮುಖ ಒಬ್ಬರು ನೋಡಿ, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ 'ಸರಿಯಿದ್ದೀಯಾ?' ಎಂದು ಕೇಳಲೇಬೇಕು. ಅದು ಅಲ್ಲಿಯ ನಿಯಮ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಸಲ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಆ ವರ್ಷ ಅವರ ಕಾಂಟ್ರ್ಯಾಕ್ಟ್ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ರಿನ್ಯೂ ಆದರೆ ಇಲ್ಲಿ, ಆಗದಿದ್ದರೆ ಹದಿನಾಲ್ಕು ವರ್ಷ ಕಟ್ಟಿದ್ದನ್ನೆಲ್ಲ ಪೆಟ್ಟಿಗೆಗೆ ತುಂಬಬೇಕು. ಐವತ್ಮೂರರ ಗಂಡಸಿಗೆ ಊರಲ್ಲಿ ಯಾರು ಕೆಲಸ ಕೊಡುತ್ತಾರೆ? "ಏನಂದ್ರು ರೀ?" ಎಂದು ಕೇಳಿದರೆ "ನೋಡೋಣ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಸಾಕಾಗಿ, ನವೆಂಬರಿನಲ್ಲಿ ಒಂದು ದಿನ ದೇವರ ಗೂಡಿನ ಮುಂದೆ ನಿಂತು ಹೇಳಿಕೊಂಡೆ: ಹದಿನಾರು ಶನಿವಾರ ಒಪ್ಪೊತ್ತು ಮಾಡುತ್ತೇನಪ್ಪಾ, ಇವರ ಕೆಲಸ ಉಳಿಸಿಕೊಡು. ಒಪ್ಪೊತ್ತು ಅಂದರೆ ಕತ್ತಲಾದ ಮೇಲೆ ಒಂದೇ ಹೊತ್ತಿನ ಊಟ. ಹಗಲಿಡೀ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇಲ್ಲ. ನಮ್ಮತ್ತೆ ಎಪ್ಪತ್ತರಲ್ಲೂ ಮಾಡುತ್ತಿದ್ದರು, ನನಗೇನು ಧಾಡಿ?

ಯಜಮಾನರಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾರೆ, ಇಲ್ಲವೇ ರೇಗುತ್ತಾರೆ. ಇನ್ನೊಂದು ಭಯವೂ ಇತ್ತು. ನಾವು ದುಖಾನಿಗೆ ಹೋಗುತ್ತಿದ್ದದ್ದು ಶನಿವಾರವೇ. ಉಪವಾಸ ಎಂದು ಗೊತ್ತಾದರೆ ನೀರಿಗೆ ಬಿಡುವುದಿಲ್ಲ. ನೀರೊಳಗಿನ ಆ ಮುಕ್ಕಾಲು ಗಂಟೆ ನನ್ನ ಕೈ ತಪ್ಪುತ್ತದೆ. ಹಾಗಾಗಿ ಅವರಿಗೆ ಇಡ್ಲಿ ಬಡಿಸಿ, ಉಳಿದದ್ದನ್ನು ಕಟ್ಟಿಕೊಂಡು, "ನಿಂದು?" ಎಂದರೆ "ಡಬ್ಬಿಗೆ ಹಾಕ್ವಾಗ್ಲೇ ತಿಂದೆ" ಎನ್ನುತ್ತಿದ್ದೆ. ನಮ್ಮ ಕಡೆ ಹೆಂಗಸರು ಈ ಸುಳ್ಳನ್ನು ಹೇಳುವುದು ಯಾವಾಗ ಕಲಿಯುತ್ತಾರೋ ಗೊತ್ತಿಲ್ಲ, ಒಬ್ಬರೂ ಸಿಕ್ಕಿಬಿದ್ದದ್ದು ನಾನು ಕಂಡಿಲ್ಲ.

ಒಂಬತ್ತನೇ ಶನಿವಾರ ಗಾಳಿ ಜೋರಾಗಿತ್ತು. ದಡದಿಂದ ನಮ್ಮನ್ನು ನೀರಿಗೆ ಇಳಿಸುವವರು ಮಂಗಳೂರು ಕಡೆಯ ಬ್ಯಾರಿ, ಮೂವತ್ತು ವರ್ಷದಿಂದ ಕತಾರಿನಲ್ಲಿರುವವರು. ವಾರವೆಲ್ಲ ಅಂಗಡಿ, ರಜೆಯಲ್ಲಿ ಡೈವಿಂಗ್ ಹೇಳಿಕೊಡುತ್ತಾರೆ. ಸಿಲಿಂಡರಿನ ಗಾಳಿಯ ಮೀಟರು, ಮುಳುಗಲು ಭಾರಕ್ಕೆಂದು ಸೊಂಟಕ್ಕೆ ಕಟ್ಟುವ ಸೀಸದ ಬೆಲ್ಟು ಎಲ್ಲ ನೋಡಿ ಆದ ಮೇಲೆ ಅವರದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು. "ಅಕ್ಕಾ, ಬೆಳಿಗ್ಗೆ ಎಂತ ತಿಂದದ್ದು?"

"ಇಡ್ಲಿ" ಎಂದೆ. "ಯಲ್ಲಾ ಹಾಗಾದ್ರೆ, ಇಳಿಯುವ" ಎಂದರು.

ದುಖಾನಿನಲ್ಲಿ ದಡದಿಂದಲೇ ನಡೆದು ಹೋಗಬೇಕು. ಬೆನ್ನ ಮೇಲೆ ಸಿಲಿಂಡರು, ಸೊಂಟಕ್ಕೆ ಸೀಸ, ಕಾಲಡಿಗೆ ಚೂಪು ಕಲ್ಲು. ಎಷ್ಟು ನಡೆದರೂ ನೀರು ಸೊಂಟ ದಾಟುವುದಿಲ್ಲ. ಅವತ್ತು ಆ ನಡಿಗೆಗೇ ನನ್ನ ಉಸಿರು ಹೋಯಿತು. ಕೊನೆಗೂ ಮುಳುಗಿದೆವು. ಐದು ಮೀಟರ್ ಆಳ, ಮಸುಕು ನೀರು, ಹಾಸಿದ ಪಾಚಿಹುಲ್ಲು, ಅದರ ನಡುವೆ ಒಂದು ಏಡಿ. ಯಜಮಾನರು ತಿರುಗಿ ಉಂಗುರ ತೋರಿಸಿದರು. ನಾನೂ ತೋರಿಸಿದೆ.

ಹತ್ತು ನಿಮಿಷಕ್ಕೆ ನಡುಕ ಶುರುವಾಯಿತು. ನಡುಗುತ್ತ ನಡುಗುತ್ತ ದವಡೆ ಸೋತು, ಬಾಯಲ್ಲಿ ಕಚ್ಚಿಕೊಂಡ ಉಸಿರಿನ ಕೊಳವೆ ಜಾರುವ ಹಾಗಾಯಿತು. ಮತ್ತೆ ಕೇಳಿದರು, ಮತ್ತೆ ಸರಿ ಎಂದೆ. ಆಮೇಲೆ ಒಂದು ವಿಚಿತ್ರ: ನಡುಕ ನಿಂತಿತು. ನಿದ್ದೆ ಬಂದ ಹಾಗೆ, ಅಬ್ಬಾ, ಇಲ್ಲೇ ಹುಲ್ಲಿನ ಮೇಲೆ ಮಲಗಿಬಿಟ್ಟರೆ ಎಷ್ಟು ಸುಖ ಅನ್ನಿಸಿತು. ಮನೆ, ಮಗಳು, ಮಾರ್ಚ್ ತಿಂಗಳು ಯಾವುದೂ ಬೇಡ. ಮೂರನೇ ಸಲ ಅವರು ಕೇಳಿದಾಗ ನನ್ನ ಹೆಬ್ಬೆರಳು ತೋರುಬೆರಳಿಗೆ ಸಿಗಲಿಲ್ಲ. ಎರಡು ಸಲ ಪ್ರಯತ್ನ ಮಾಡಿದೆ, ಸಿಗಲಿಲ್ಲ.

ಅವರು ನನ್ನ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ತಂದರು. ದಡದವರೆಗೆ ಎಳೆದುಕೊಂಡೇ ಬಂದರಂತೆ, ನನಗೆ ಅರ್ಧ ನೆನಪಿಲ್ಲ. ನೆನಪಿರುವುದು ಕಾರಿನ ಪಕ್ಕ ಎರಡು ಕಂಬಳಿ, ಬ್ಯಾರಿಯವರು ಫ್ಲಾಸ್ಕಿನಿಂದ ಬಗ್ಗಿಸಿದ ಹಾಲಿಲ್ಲದ ಸುಲೈಮಾನಿ ಚಹಾ, ಒಂದು ಡಬ್ಬಿ ಖರ್ಜೂರ. "ತಿನ್ನಿ ಅಕ್ಕಾ, ಬೇಗ ತಿನ್ನಿ" ಎಂದು ಬಾಯಿ ಹತ್ತಿರ ಹಿಡಿದರು. ನಾನು ಮುಖ ತಿರುಗಿಸಿ ಹೇಳಿದೆನಂತೆ: "ಇವತ್ತು ಶನಿವಾರ."

ಯಜಮಾನರಿಗೆ ಅರ್ಥವಾಗಲಿಲ್ಲ. ಬ್ಯಾರಿಯವರಿಗೆ ತಕ್ಷಣ ಅರ್ಥವಾಯಿತು. "ವ್ರತವಾ?" ಎಂದರು. ನಾನು ತಲೆಯಾಡಿಸಿದೆ.

"ಎಂತ ಮಾರಾಯ್ರೆ ಇದು! ರಂಜಾನಿನಲ್ಲಿ ಒಂದು ತಿಂಗಳು ನಾನು ಸಿಲಿಂಡರ್ ಮುಟ್ಟುವುದಿಲ್ಲ, ಖಲಾಸ್. ಉಪವಾಸ ನಿಮ್ಮದು ಅಕ್ಕಾ, ಆದರೆ ನೀವು ಮುಳುಗಿಹೋಗಿದ್ದರೆ ನಿಮ್ಮನ್ನು ಬಿಟ್ಟು ಇವರು ಒಬ್ಬರೇ ದಡಕ್ಕೆ ಬರ್ತಿದ್ದರಾ?" ಎಂದವರು, ಖರ್ಜೂರದ ಡಬ್ಬಿ ಬಾನೆಟ್ ಮೇಲಿಟ್ಟು, ಸಾಮಾನು ತೊಳೆಯುವ ನೆಪದಲ್ಲಿ ದೂರ ಹೋದರು.

ಯಜಮಾನರು ನನ್ನನ್ನು ಕಾರಿನೊಳಗೆ ಕೂರಿಸಿ, ಡಬ್ಬಿ ತಂದು ಪಕ್ಕಕ್ಕಿಟ್ಟು, ಹೀಟರ್ ಹಾಕಿದರು. "ಎಷ್ಟು ವಾರದಿಂದ?"

"ಒಂಬತ್ತು. ಇನ್ನು ಏಳಿದೆ."

"ಯಾತಕ್ಕೆ?"

"ಇನ್ಯಾತಕ್ಕೆ? ನಿಮ್ಮ ಕಾಂಟ್ರ್ಯಾಕ್ಟಿಗೆ."

ಅವರು ಸ್ಟಿಯರಿಂಗ್ ಹಿಡಿದುಕೊಂಡರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. "ಬಿಟ್ಬಿಡು. ಇನ್ನು ಮಾಡ್ಬೇಡ. ನವೆಂಬರ್ ಕೊನೇಲೇ ಹೇಳ್ಬಿಟ್ರು, ರಿನ್ಯೂ ಮಾಡಲ್ಲ ಅಂತ."

ಆ ಮಂಪರಿನಲ್ಲೂ ನಾನು ಲೆಕ್ಕ ಹಾಕಿದೆ. ನವೆಂಬರ್ ಕೊನೆ ಅಂದರೆ ನನ್ನ ಎರಡನೇ ಶನಿವಾರ. ಆಮೇಲಿನ ಏಳು ವಾರ, ಆಗಲೇ ಹೋಗಿದ್ದ ಕೆಲಸಕ್ಕೆ ನಾನು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂತಿದ್ದೆ.

"ಹೇಳ್ಬಾರ್ದಾಗಿತ್ತೇನ್ರೀ?" ಎಂದೆ.

"ನೀನು ಸೊರಗ್ತಾ ಇದ್ದೆ. ನಿಂಗೆ ಹೇಗೋ ಗೊತ್ತಾಗಿದೆ, ನಂಗೆ ನೋವಾಗ್ಬಾರ್ದು ಅಂತ ಕೇಳ್ತಿಲ್ಲ ಅಂದ್ಕೊಂಡೆ." ಗಾಜಿನಾಚೆ ನೋಡುತ್ತಲೇ ಮುಂದುವರಿಸಿದರು. "ಮನೇಲಿದ್ರೆ ಎಲ್ಲಿ ಆ ಮಾತು ಬಂದ್ಬಿಡುತ್ತೋ ಅಂತ ಭಯ. ನೀರಲ್ಲಿ ಮಾತಾಡೋ ಹಾಗಿಲ್ವಲ್ಲ. ಅದಕ್ಕೇ ವಾರ ವಾರ ಇಲ್ಲಿಗೆ ಕರ್ಕೊಂಡು ಬರ್ತಿದ್ದೆ."

ಕೆಲಸ ಹೋದದ್ದಕ್ಕೆ ಬಾರದ ಅಳು ಆ ಮಾತಿಗೆ ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಅವರು ಡಬ್ಬಿಯಿಂದ ಒಂದು ಖರ್ಜೂರ ತೆಗೆದು, ಬೀಜ ಬಿಡಿಸಿ, ನನ್ನತ್ತ ಹಿಡಿದರು. ಈ ಸಲ ನಾನು ಮುಖ ತಿರುಗಿಸಲಿಲ್ಲ. ತಿಂದೆ. ಇನ್ನೊಂದು ಬಿಡಿಸಿಕೊಟ್ಟರು, ಅದನ್ನೂ ತಿಂದೆ.

"ನವೆಂಬರಲ್ಲಿ ಅವತ್ತು ಆಫೀಸಲ್ಲಿ ಏನಾಯ್ತು ಅಂತ ಮೊದಲಿಂದ ಹೇಳಿ" ಎಂದೆ. ಅವರು ಹೀಟರಿನ ಸದ್ದು ತಗ್ಗಿಸಿ ಹೇಳತೊಡಗಿದರು.