ಚಾಡಿ ಹೇಳಿದ ಕಾರ್ಬುರೇಟರ್

ಕಳೆದ ಶನಿವಾರ ನಾನು ಅಪ್ಪನ ಸ್ಕೂಟರನ್ನು ಕೆಡಿಸಲು ಹೊರಟಿದ್ದೆ.

ಸರಿಯಾಗಿಯೇ ಓದಿದಿರಿ. ರಿಪೇರಿ ಮಾಡಲು ಅಲ್ಲ, ಕೆಡಿಸಲು. ಅದೂ ಅಪ್ಪ ಯಾರದೋ ಗೃಹಪ್ರವೇಶಕ್ಕೆಂದು ಮೈಸೂರಿಗೆ ಹೋಗಿದ್ದ ಸಮಯ ನೋಡಿಕೊಂಡು.

ಅಪ್ಪನಿಗೆ ಎಪ್ಪತ್ತೆಂಟು, ಸ್ಕೂಟರಿಗೆ ಅದರಲ್ಲಿ ಅರ್ಧ. ದಿನಾ ಬೆಳಗ್ಗೆ ಏಳಕ್ಕೆ ಅಪ್ಪ ಹೆಲ್ಮೆಟ್ ಹಾಕಿಕೊಂಡು, ಹ್ಯಾಂಡಲಿಗೆ ಬಟ್ಟೆ ಚೀಲ ಸಿಕ್ಕಿಸಿ ಗಾಂಧಿ ಬಜಾರಿಗೆ ಹೊರಡುತ್ತಾರೆ. ಹೂವು, ವೀಳ್ಯದೆಲೆ, ತರಕಾರಿ ತರುವ ಕೆಲಸವನ್ನು ಇವತ್ತಿನವರೆಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಆದರೆ ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಮಹಡಿ ಮನೆಯ ಕೂಸಿಗೆ ಹೊಗೆ ಆಗುವುದಿಲ್ಲವೆಂದು ನಾಲ್ಕು ಮನೆ ದಾಟಿ ರಸ್ತೆಯ ಮೂಲೆಯವರೆಗೆ ತಳ್ಳಿಕೊಂಡೇ ಹೋಗುತ್ತಾರೆ. ಬರುವಾಗಲೂ ಅಷ್ಟೇ, ಮೂಲೆಯಿಂದ ತಳ್ಳಿಕೊಂಡೇ ಬರುವುದು. (ಈ ಶಿಸ್ತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.)

ನಮಗೆ ಚಿಂತೆ ಶುರುವಾಗಿದ್ದು ಅಪ್ಪನ ಕಣ್ಣಿನ ಆಪರೇಷನ್ ಆದಮೇಲೆ. ಎಡಗೈಯಲ್ಲಿ ಕ್ಲಚ್ ಹಿಡಿದು, ಗೇರ್ ತಿರುಗಿಸಿ, ಹಿಂದಿನವನ ಹಾರನ್ ಸಹಿಸಿಕೊಂಡು, ಈಗಿನ ಬಸವನಗುಡಿಯ ಟ್ರಾಫಿಕ್‌ನಲ್ಲಿ ಓಡಿಸುವುದೆಂದರೆ ನನಗೇ ಎದೆ ಢವಢವ ಅನ್ನುತ್ತದೆ. ಅಪ್ಪ ಬರುವುದು ಹತ್ತು ನಿಮಿಷ ತಡವಾದರೆ ನನ್ನ ಹೆಂಡತಿ ಸುಮ ಒಲೆ ಸಣ್ಣಗೆ ಮಾಡಿ ಗೇಟಿಗೆ ಬಂದು ನಿಲ್ಲುತ್ತಾಳೆ. ಇತ್ತೀಚೆಗಂತೂ ಹೋಗಿ ಬರಲು ಒಂದೂವರೆ ಗಂಟೆ. ಕೇಳಿದರೆ, ಟ್ರಾಫಿಕ್ ಜಾಸ್ತಿ ಅನ್ನುತ್ತಾರೆ. ಇನ್ನು ಸ್ಕೂಟರ್ ಬಿಡಿ ಎಂದು ಅವರಿಗೆ ಹೇಳಬೇಕು. ಯಾರು ಹೇಳಬೇಕು? ನಿಮ್ಮಪ್ಪ, ನೀವೇ ಹೇಳಿ ಎಂದು ಸುಮ ಕೈ ತೊಳೆದುಕೊಂಡಳು.

ಅಪ್ಪ ರಿಟೈರ್ಡ್ ಗಣಿತದ ಮೇಷ್ಟ್ರು. ವಾರವಾರ ನಿಮ್ಮ ಮುಂದೆ ಇಷ್ಟುದ್ದ ಕೊರೆಯುವ ನನಗೆ ಅವರ ಮುಂದೆ ನಾಲ್ಕು ಮಾತು ಹೊರಡುವುದಿಲ್ಲ. ಮೂರು ಸಲ ಪ್ರಯತ್ನಪಟ್ಟೆ. ಒಂದು ಸಲ, ಈ ಟ್ರಾಫಿಕ್‌ನಲ್ಲಿ ಗಾಡಿ ಓಡಿಸೋದು ಅಂದ್ರೆ ಎಂದು ಧೈರ್ಯ ಮಾಡಿ ಶುರು ಮಾಡಿದವನು, ಅಪ್ಪ ಕನ್ನಡಕದ ಮೇಲಿಂದ ನೋಡುತ್ತಿದ್ದಂತೆಯೇ ಮೆಟ್ರೋ ಎಷ್ಟು ಅನುಕೂಲ ಅಲ್ವಾ ಎಂದು ಮುಗಿಸಿದೆ. ಹೇಡಿ ಅಂದುಕೊಳ್ಳಿ, ಪರವಾಗಿಲ್ಲ.

ಹೇಡಿಗೆ ಹೊಳೆಯುವುದು ಇಂಥದ್ದೇ ಐಡಿಯಾ. ಕಾರ್ಬುರೇಟರ್ ಒಳಗೆ ಜೆಟ್ ಅಂತ ಒಂದು ಹಿತ್ತಾಳೆಯ ಚೂರು ಇರುತ್ತದೆ, ಕಡಲೆಕಾಳಿನಷ್ಟು. ಅದರ ನಡುವಿನ ಸೂಜಿತೂತಿನಿಂದಲೇ ಪೆಟ್ರೋಲ್ ಇಂಜಿನ್ನಿಗೆ ಹೋಗಬೇಕು. ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಗಾಡಿ ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ. ಹಳೇ ಗಾಡಿ, ಪಾರ್ಟ್ಸ್ ಸಿಗಲ್ಲ ಅಂದರಾಯಿತು. ಮಾತೇ ಬೇಡ.

ಈ ವಿದ್ಯೆ ಹೇಳಿಕೊಟ್ಟವರು ಯಾರು? ಸಾಕ್ಷಾತ್ ಅಪ್ಪನೇ. ನನ್ನ ಹೈಸ್ಕೂಲಿನ ಭಾನುವಾರಗಳೆಲ್ಲ ಆ ಸ್ಕೂಟರಿನ ಪಕ್ಕದಲ್ಲೇ ಕಳೆದವು. ಜೆಟ್‌ಗೆ ಪಿನ್ನು ಚುಚ್ಚಬಾರದು, ತೂತು ದೊಡ್ಡದಾಗುತ್ತೆ. ಕರೆಂಟ್ ವೈರಿನೊಳಗಿನ ತಾಮ್ರದ ಎಳೆ ಒಂದನ್ನು ತೂರಿಸಬೇಕು, ಬಾಯಲ್ಲಿ ಊದಬೇಕು, ಬೆಳಕಿಗೆ ಹಿಡಿದು ನೋಡಬೇಕು. ಇದನ್ನೂ ಅವರು ಪ್ರಮೇಯದ ಹಾಗೆಯೇ ಪಾಠ ಮಾಡಿದ್ದರು. ಬಾಯಿಗೆ ಹತ್ತಿದ ಆ ಪೆಟ್ರೋಲಿನ ರುಚಿ ನನಗೆ ಇವತ್ತಿಗೂ ಇಷ್ಟ. ಹೇಳಿದರೆ ಸುಮ ಮುಖ ಸಿಂಡರಿಸುತ್ತಾಳೆ.

ಸರಿ, ಸ್ಪ್ಯಾನರ್ ಹಿಡಿದು ಕೂತೆ. ಕಾರ್ಬುರೇಟರ್ ಬಿಚ್ಚಿ ಮುಚ್ಚಳ ತೆಗೆದರೆ, ಒಳಗೆ ಪೆಟ್ರೋಲೇ ಇಲ್ಲ. ಪೆಟ್ರೋಲ್ ನಿಲ್ಲಬೇಕಾದ ಜಾಗದಲ್ಲಿ ಹಲಸಿನ ಹಣ್ಣಿನ ಮೇಣದಂಥ ಕಂದು ಅಂಟು. ಜೆಟ್ ಬೆಳಕಿಗೆ ಹಿಡಿದೆ. ತೂತು ಪೂರ್ತಿ ಕಟ್ಟಿಕೊಂಡಿತ್ತು.

ಒಂದು ಕ್ಷಣ ಅರ್ಥವಾಗಲಿಲ್ಲ. ದಿನಾ ಓಡುವ ಗಾಡಿಯಲ್ಲಿ ಹೀಗೆ ಅಂಟು ಹಿಡಿಯುವುದಿಲ್ಲ. ಇದು ತಿಂಗಳುಗಟ್ಟಲೆ ನಿಂತ ಗಾಡಿಯ ಲಕ್ಷಣ. ಹಾಗಾದರೆ ಮೊನ್ನೆ ಬೆಳಗ್ಗೆ ಅಪ್ಪ ಹೋಗಿದ್ದು ಯಾವುದರಲ್ಲಿ? ಆಗ ನೆನಪಾಯಿತು. ಅಪ್ಪ ಪೆಟ್ರೋಲ್ ಬಂಕಿಗೆ ಹೋಗಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಒಂದು ಸಲ ಕೇಳಿದ್ದಕ್ಕೆ, ಹಳೇ ಗಾಡಿಗಳ ಮೈಲೇಜೇ ಬೇರೆ ಅಂದಿದ್ದರು. ನಾನು ತಲೆಯಾಡಿಸಿದ್ದೆ.

ಕೆಡಿಸಲು ಬಂದ ಕೈ ಯಾವಾಗ ಕ್ಲೀನ್ ಮಾಡಲು ಶುರುಮಾಡಿತೋ ಗೊತ್ತಿಲ್ಲ. ಹಳೇ ಟೂತ್‌ಬ್ರಷ್ ತಂದೆ, ವೈರ್ ಸುಲಿದೆ, ಎಳೆ ತೂರಿಸಿದೆ, ಊದಿದೆ. ಅರ್ಧ ದಿನವೇ ಹಿಡಿಯಿತು. ಕೊನೆಗೆ ಸೂಜಿಮೊನೆಯಷ್ಟು ಆಕಾಶ ಕಂಡಿತು. ಟ್ಯಾಂಕಿನ ಹಳೇ ಪೆಟ್ರೋಲ್ ಚೆಲ್ಲಿ, ನನ್ನ ಬೈಕಿನಿಂದ ಒಂದು ಲೀಟರ್ ಇಳಿಸಿ, ಅಪ್ಪನ ಲೆಕ್ಕದ ಪ್ರಕಾರವೇ ಆಯಿಲ್ ಬೆರೆಸಿ ಹಾಕಿದೆ. ಸ್ಟಾರ್ಟ್ ಆಗುತ್ತದೋ ಇಲ್ಲವೋ ನೋಡಬೇಕಲ್ಲ? ಮಹಡಿಯ ಕೂಸು ಮಲಗಿತ್ತು. ನಾನೂ ಮೂಲೆಯವರೆಗೆ ತಳ್ಳಿಕೊಂಡು ಹೋದೆ. (ನಾಲ್ಕೇ ಮನೆ. ನನಗೇ ಏದುಸಿರು ಬಂತು.)

ಮೂಲೆ ತಿರುಗಿದೊಡನೆ, ನಮ್ಮ ಗೇಟಿಗೆ ಕಾಣದ ಕಡೆ, ಹೊಂಗೆ ಮರದ ಕೆಳಗೆ ಇಸ್ತ್ರಿ ಮಾಡುವ ಮುನಿಯಪ್ಪನ ಗಾಡಿ ಇದೆ. ಸ್ಕೂಟರ್ ಕಂಡವನೇ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಆಮೇಲೆ ನನ್ನ ಮುಖ ನೋಡಿ ಗಾಬರಿಯಾದ. ದಿನಾ ಸ್ಕೂಟರ್ ಇಲ್ಲೇ ಇರುತ್ತಾ ಎಂದು ಕೇಳಿದೆ. ಮುನಿಯಪ್ಪ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ಮಡಿಸಿದ ಶರ್ಟನ್ನೇ ಇನ್ನೊಂದು ಸಲ ಮಡಿಸಿದ.

"ಯಜಮಾನ್ರು ಇಲ್ಲೇ ನಿಲ್ಸಿ, ಹೆಲ್ಮೆಟ್ ನನ್ ಕೈಗ್ ಕೊಟ್ಟು, ನಡ್ಕೊಂಡೇ ಬಜಾರ್‌ಗೆ ಹೋಗ್ತಾರೆ ಸರ್. ಗಣೇಶನ ಹಬ್ಬದಿಂದ ಹಿಂಗೇ. ಸಿಗ್ನಲ್ ಹತ್ರ ಒಂದು ಸ್ಕೂಲ್ ಮಗು ಅಡ್ಡ ಬಂದ್ಬಿಡ್ತಂತೆ. ಮಗೂಗ್ ಏನೂ ಆಗ್ಲಿಲ್ಲ. ಅವತ್ತೇ ಇನ್ಮೇಲೆ ಓಡ್ಸಲ್ಲ ಅಂದ್ರು. ಮನೇಲಿ ಹೇಳ್ಬೇಡ ಅಂದಿದಾರೆ ಸರ್."

ನಾನೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. (ನಮ್ಮ ಮನೆಯಲ್ಲಿ ಯಾರೂ ನನ್ನ ಅಂಕಣ ಓದುವುದಿಲ್ಲ. ನಾನು ಬರೆಯುವುದರಲ್ಲಿ ಅರ್ಧ ಸುಳ್ಳು ಎಂಬುದು ಅಪ್ಪನ ಅಭಿಪ್ರಾಯ. ಈ ಸಲ ಅದೇ ನನಗೆ ಧೈರ್ಯ.)

ಸ್ಕೂಟರನ್ನು ಎಡಕ್ಕೆ ವಾಲಿಸಿ, ನೆಟ್ಟಗೆ ಮಾಡಿ, ಏಳೆಂಟು ಕಿಕ್ ಹೊಡೆದ ಮೇಲೆ ಸ್ಟಾರ್ಟ್ ಆಯಿತು. ಹೊಗೆಗೆ ಕಣ್ಣು ಉರಿಯಿತು. ಹೊಗೆಗೇ ಅಂದುಕೊಳ್ಳೋಣ. ಆರು ತಿಂಗಳಿಂದ ಒಬ್ಬ ಮನುಷ್ಯ ಬಿಸಿಲು ಮಳೆ ಎನ್ನದೆ ಅಷ್ಟು ಭಾರದ ಗಾಡಿ ತಳ್ಳಿಕೊಂಡು ಹೋಗಿ, ತಳ್ಳಿಕೊಂಡು ಬಂದಿದ್ದಾರೆ. ತನ್ನ ಕೈಲಿ ಇನ್ನು ಆಗಲ್ಲ ಅನ್ನುವ ಒಂದು ಮಾತು ಹೇಳಲಾರದೆ. ಅವರಿಗೆ ನಾನು ಬುದ್ಧಿ ಹೇಳಲು ಹೊರಟಿದ್ದೆ. ನಾಚಿಕೆಯಾಯಿತು. ಅಪ್ಪನ ಮೇಲೆ ಇನ್ನಿಲ್ಲದ ಪ್ರೀತಿ ಬಂತು.

ಅಲ್ಲ, ನಮ್ಮ ಮನೆಗಳಲ್ಲಿ ಮುಖ್ಯವಾದ ಮಾತನ್ನು ಯಾರು ಬಾಯಿಬಿಟ್ಟು ಆಡುತ್ತಾರೆ ಹೇಳಿ? ತಪ್ಪಾಯ್ತು ಅನ್ನುವುದಕ್ಕೆ ಕಾಫಿ ಮಾಡ್ಲಾ ಅನ್ನುತ್ತೇವೆ. ನಿನ್ನ ಚಿಂತೆಯಲ್ಲಿ ನಿದ್ದೆ ಬರಲಿಲ್ಲ ಅನ್ನುವುದಕ್ಕೆ ಫೋನ್ ಯಾಕೆ ಚಾರ್ಜ್ ಮಾಡಿರ್ಲಿಲ್ಲ ಎಂದು ರೇಗುತ್ತೇವೆ. ಅಪ್ಪನೂ ಹೇಳಿದ್ದರು, ಸ್ಕೂಟರ್ ತಳ್ಳಿ ತಳ್ಳಿ. ನಮಗೆ ಕೇಳಿಸಿರಲಿಲ್ಲ ಅಷ್ಟೇ.

ಭಾನುವಾರ ಸಂಜೆ ಅಪ್ಪ ಬಂದರು. ಆಮೇಲೆ ನನಗೆ ಹೊಸ ದಿಗಿಲು ಹತ್ತಿತು. ಓಡದ ಗಾಡಿಯನ್ನು ಓಡುವ ಹಾಗೆ ಮಾಡಿಟ್ಟಿದ್ದೀನಲ್ಲ, ಈಗ ಆಸೆಯಾಗಿ ಹತ್ತಿ ಹೊರಟುಬಿಟ್ಟರೆ?

ಸೋಮವಾರ ಏಳು ಗಂಟೆಗೆ ಹಿಂದೆಯೇ ಹೋಗಿ, ಮೂಲೆಮನೆಯ ಗೇಟಿನ ಮರೆಯಲ್ಲಿ ನಿಂತು ನೋಡಿದೆ. ಅಪ್ಪ ಮೂಲೆಯವರೆಗೆ ತಳ್ಳಿಕೊಂಡು ಹೋದರು. ಸ್ಟ್ಯಾಂಡ್ ಹಾಕಿದರು. ಬಗ್ಗಿ ಸೀಟಿನ ಕೆಳಗೆ ಏನನ್ನೋ ನೋಡಿದರು. ಆಮೇಲೆ ಸುತ್ತ ಒಮ್ಮೆ ಕಣ್ಣಾಡಿಸಿ, ಒಂದು ಕಿಕ್ ಹೊಡೆದರು. ಗಾಡಿ ತಕ್ಷಣ ಸ್ಟಾರ್ಟ್ ಆಯಿತು. ಅಪ್ಪ ಬೆಚ್ಚಿದರು. ಹತ್ತಲಿಲ್ಲ. ಹ್ಯಾಂಡಲ್ ಮೇಲೆ ಕೈಯಿಟ್ಟು, ಸಣ್ಣಗೆ ರೇಸ್ ಮಾಡುತ್ತ ಎರಡು ನಿಮಿಷ ಸುಮ್ಮನೆ ಆ ಸದ್ದು ಕೇಳಿಸಿಕೊಂಡರು. ಆಮೇಲೆ ಆಫ್ ಮಾಡಿ, ಹೆಲ್ಮೆಟ್ಟನ್ನು ಮುನಿಯಪ್ಪನ ಕೈಗೆ ಕೊಟ್ಟು, ಚೀಲ ಬೀಸಿಕೊಂಡು ನಡೆದರು.

ಎಂಟೂವರೆಗೆ ಬಂದರು. ಟ್ರಾಫಿಕ್ ಜಾಸ್ತಿ ಅಂದರು. ಹೌದಪ್ಪ, ವಿಪರೀತ ಅಂದೆ. ಕೈಕಾಲು ತೊಳೆದು ಟವೆಲಿನಲ್ಲಿ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು:

"ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಪ್ ಆಫ್ ಮಾಡೋದು ಮರ್ತಿದೀಯ ಕಣೋ. ವಾರಕ್ಕೊಂದ್ಸಲ ನೀನೇ ಒಂದು ರೌಂಡ್ ಓಡ್ಸು. ಇಲ್ಲಾಂದ್ರೆ ಮತ್ತೆ ಕಟ್ಕೊಳ್ಳುತ್ತೆ."

ಹ್ಞೂಂ ಅಂದೆ. ಅಷ್ಟೇ.

ಅಪ್ಪ ಪೇಪರ್ ಹಿಡಿದು ಕೂತ ಮೇಲೆ ಸುಮ ಅಡುಗೆಮನೆಗೆ ಕರೆದು, ಕೊನೆಗೂ ಮಾವನ ಹತ್ತಿರ ಮಾತಾಡಿದಿರಾ ಎಂದು ಕೇಳಿದಳು. "ಎಲ್ಲಾ ಮಾತಾಡಿ ಆಯ್ತು, ಇನ್ನು ನೀನು ಗೇಟ್ ಹತ್ರ ನಿಂತ್ಕೋಬೇಡ" ಅಂದೆ.

ಇದರಲ್ಲಿ ಒಂದಕ್ಷರವಾದರೂ ಸುಳ್ಳಿದೆಯೇ, ನೀವೇ ಹೇಳಿ?